ನರದ ನೋವಿಗೆ ಫಿಟ್ಸ್ ಮಾತ್ರೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಸೀಮೆಯ ಒಂದು ತಾಲ್ಲೂಕು ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಬಿ.ಪಿ., ಶುಗರ್ ಮಾತ್ರೆ ಕೊಂಡವರು ಏನೂ ಕೇಳದೆ ಹೋಗುತ್ತಾರೆ. ನರದ ಮಾತ್ರೆ ಕೊಂಡವರು ಮಾತ್ರ ಹೋದ ಹಾಗೇ ತಿರುಗಿ ಬರುತ್ತಾರೆ. ಫೋನಿನಲ್ಲಿ ಮಾತ್ರೆಯ ಹೆಸರು ಹುಡುಕಿರುತ್ತಾರೆ, ಮೊದಲ ಸಾಲಿನಲ್ಲೇ ‘ಅಪಸ್ಮಾರ’ ಎಂದಿರುತ್ತದೆ. ಹೋದ ತಿಂಗಳು ಪಾದ ಉರಿ ಎಂದು ಡಾಕ್ಟರಿಗೆ ತೋರಿಸಿಕೊಂಡು ಬಂದ ಹೆಂಗಸೊಬ್ಬರು ಸ್ಟ್ರಿಪ್ಪನ್ನು ಕೌಂಟರ್ ಮೇಲೆ ವಾಪಸ್ ಇಟ್ಟರು: “ನಂಗೇನ್ ಪಿಟ್ಸ್ ಬತ್ತದಾ ಅಣ್ಣ? ಯಾರ್ದೋ ಚೀಟಿ ನಂಗ್ ಕೊಟ್ಟವ್ರೆ.” ಹಿಂದೆ ಆರು ಜನ ನಿಂತಿರುವಾಗ ಇದಕ್ಕೆ ಸರಿಯಾಗಿ ಉತ್ತರ ಹೇಳಲು ಆಗುವುದಿಲ್ಲ. ಹಾಗೆ ಬಾಕಿ ಉಳಿದ ಉತ್ತರಗಳು ಇಲ್ಲಿವೆ. ಯಾರಿಗೆ ಯಾವ ಮಾತ್ರೆ, ಎಷ್ಟು ಎಂಬುದು ಡಾಕ್ಟರ ಕೆಲಸ. ನುಂಗಿದ ಮೇಲೆ ಅದು ಒಳಗೆ ಏನು ಮಾಡುತ್ತದೆ ಎಂಬುದಷ್ಟನ್ನೇ ನಾನು ಬರೆಯುತ್ತಿದ್ದೇನೆ.

ನನಗೆ ಫಿಟ್ಸ್ ಇಲ್ಲವಲ್ಲ, ಫಿಟ್ಸ್ ಮಾತ್ರೆ ಯಾಕೆ ಬರೆದರು?

ಫಿಟ್ಸ್ ಬಂದಾಗ ಮಿದುಳಿನ ಒಂದು ಗುಂಪು ನರಕೋಶಗಳು ಒಟ್ಟಿಗೆ, ಎಡೆಬಿಡದೆ ಸಂಕೇತ ಸಿಡಿಸತೊಡಗುತ್ತವೆ. ಸಕ್ಕರೆ ಕಾಯಿಲೆಯಿಂದಲೋ ಸರ್ಪಸುತ್ತಿನಿಂದಲೋ ಪೆಟ್ಟು ತಿಂದ ನರ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಜಾಗ ಬೇರೆ ಅಷ್ಟೆ. ಪಾದದ ಕೆಳಗೆ ಕೆಂಡವಿಲ್ಲ, ಮುಳ್ಳಿಲ್ಲ. ಆದರೂ ನರ ‘ಉರಿ, ಉರಿ’ ಎಂದು ಬೆನ್ನುಹುರಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಕಾರಣವಿಲ್ಲದೆ ಸಿಡಿಯುವ ನರವನ್ನು ಸುಮ್ಮನಾಗಿಸುವ ಔಷಧ ಮಿದುಳಿನಲ್ಲಿ ಫಿಟ್ಸ್ ತಡೆಯುತ್ತದೆ, ಪಾದದಿಂದ ಬರುವ ದಾರಿಯಲ್ಲಿ ಉರಿ ತಗ್ಗಿಸುತ್ತದೆ. ಅದು ಮೊದಲು ಫಿಟ್ಸ್ ಔಷಧವೆಂದು ದಾಖಲಾದ್ದರಿಂದ ಹೆಸರು ಹಾಗೇ ಉಳಿದುಕೊಂಡಿದೆ.

ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬರಿಗೆ ‘ಇದು ಫಿಟ್ಸಿನ ಮಾತ್ರೆ’ ಎಂದು ನಾಲ್ಕು ಜನರೆದುರು ಹೇಳಿಬಿಟ್ಟಿದ್ದೆ. ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಮಾತು ಊರಿಗೆ ಮುಟ್ಟಿದರೆ ಗಂಡು ಬರುವುದಿಲ್ಲ ಎಂಬ ಭಯಕ್ಕೆ ಆ ಮನುಷ್ಯ ಮಾತ್ರೆಯನ್ನೇ ತೆಗೆದುಕೊಳ್ಳಲಿಲ್ಲ, ನನ್ನ ಅಂಗಡಿಗೆ ಕಾಲಿಡುವುದನ್ನೂ ಬಿಟ್ಟರು. ಅಂದಿನಿಂದ ಈ ಮಾತ್ರೆಗಳ ವಿಷಯವನ್ನು ದನಿ ತಗ್ಗಿಸಿ ಹೇಳುತ್ತೇನೆ.

ಮಾಮೂಲಿ ನೋವಿನ ಮಾತ್ರೆಯೇ ಸಾಲದೇ?

ಸಾಲದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೆಲಸ ಮಾಡುವುದು ಊತ ಬಂದ, ಗಾಯವಾದ ಜಾಗದಲ್ಲಿ. ಅಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಅವು ತಡೆಯುತ್ತವೆ. ನರದ ನೋವಿನಲ್ಲಿ ಕೆಟ್ಟಿರುವುದು ಸುದ್ದಿ ಒಯ್ಯುವ ನರವೇ. ಪಾದ ಉರಿಗೆ ವರ್ಷಗಟ್ಟಲೆ ಡೈಕ್ಲೊಫೆನಾಕ್ ನುಂಗಿ ಕೊನೆಗೆ ಕಿಡ್ನಿ ಹಾಳುಮಾಡಿಕೊಂಡವರು ನಮ್ಮ ಪೇಟೆಯಲ್ಲೇ ಇದ್ದಾರೆ.

ಗುರುತು ಹಿಡಿಯುವುದಕ್ಕೆ ಜನ ಬಳಸುವ ಮಾತೇ ಸಾಕು. ಮಂಡಿ ನೋವಿನವರು ‘ನೋಯ್ತದೆ, ಹಿಡ್ಕೊಂಡದೆ’ ಎನ್ನುತ್ತಾರೆ. ನರದ ನೋವಿನವರ ಮಾತಿನಲ್ಲಿ ಉರಿ, ಜುಮ್ಮೆನ್ನುವುದು, ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ, ಶಾಕ್ ಹೊಡೆದ ಹಾಗೆ ಎಂಬ ಪದಗಳು ಬರುತ್ತವೆ. ರಾತ್ರಿ ಹೊದಿಕೆ ತಾಗಿದರೂ ಆಗದು ಎಂದರಂತೂ ಅನುಮಾನವೇ ಬೇಡ.

ನರದೊಳಗೆ ನಿಜವಾಗಿ ಹರಿಯುವುದೇನು?

ನರವೆಂದರೆ ಕರೆಂಟ್ ತಂತಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದು ಅರ್ಧ ಸರಿ. ತಂತಿಯಲ್ಲಿ ಕರೆಂಟು ಉದ್ದಕ್ಕೆ ಹರಿಯುತ್ತದೆ. ನರದಲ್ಲಿ ಸೋಡಿಯಂ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ, ಪೊಟ್ಯಾಸಿಯಂ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ಈ ನುಗ್ಗಾಟ ಒಂದು ಜಾಗದಿಂದ ಪಕ್ಕದ ಜಾಗಕ್ಕೆ ದಾಟುತ್ತಾ ಸಾಗುತ್ತದೆ. ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಸೋಡಿಯಂ ಒಳನುಗ್ಗಿದ ಕ್ಷಣಕ್ಕೆ ಅದು ಸೊನ್ನೆ ದಾಟಿ ಮೇಲೇರಿ ಮತ್ತೆ ಇಳಿಯುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲೆಂಡಿನ ಇಬ್ಬರು ಇದನ್ನು ಲೆಕ್ಕ ಸಮೇತ ಬರೆದಿಟ್ಟದ್ದು 1952ರಲ್ಲಿ. ಅವರು ಅಳೆದದ್ದು ಸ್ಕ್ವಿಡ್ಡಿನ ದಪ್ಪ ನರದಲ್ಲಿ, ನಮ್ಮ ಕರಾವಳಿಯವರು ಬೊಂಡಾಸ್ ಎಂದು ಸಾರು ಮಾಡುತ್ತಾರಲ್ಲ, ಅದೇ ಜಾತಿಯದು. 1963ರಲ್ಲಿ ನೊಬೆಲ್ ಬಂತು.

ಸೋಡಿಯಂ ಒಳಬರುವ ಬಾಗಿಲಿಗೆ ಪುಸ್ತಕದಲ್ಲಿ ಚಾನೆಲ್ ಎನ್ನುತ್ತಾರೆ. ನಮ್ಮ ಕಡೆ ಚಾನೆಲ್ ಎಂದರೆ ವಿ.ಸಿ. ನಾಲೆ ನೆನಪಾಗುತ್ತದೆ, ಹಾಗಾಗಿ ನಾನು ತೂಬು ಎನ್ನುತ್ತೇನೆ. ಕೆರೆಯ ತೂಬಿಗೆ ತೆರೆದದ್ದು, ಮುಚ್ಚಿದ್ದು ಎಂಬ ಎರಡೇ ಸ್ಥಿತಿ. ಸೋಡಿಯಂ ತೂಬಿಗೆ ಮೂರನೆಯದೊಂದಿದೆ. ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ತೆರೆದಿದ್ದು, ಆಮೇಲೆ ಒಳಗಿನಿಂದ ಒಂದು ಬಿರಡೆ ಬಂದು ಕಚ್ಚಿಕೊಳ್ಳುತ್ತದೆ. ಬಿರಡೆ ಬಿಡುವ ತನಕ ಯಾರು ಎಷ್ಟು ತಟ್ಟಿದರೂ ತೂಬು ತೆರೆಯುವುದಿಲ್ಲ. ಈ ಮೂರನೆಯ ಸ್ಥಿತಿಯೇ ಅರ್ಧದಷ್ಟು ಫಿಟ್ಸ್ ಔಷಧಗಳ ಗುಟ್ಟು.

ಕಾರ್ಬಮಜೆಪೀನ್, ಫೆನಿಟೋಯಿನ್ ತೂಬನ್ನು ಮುಚ್ಚಿಬಿಟ್ಟರೆ ಎಲ್ಲ ನರವೂ ಮರಗಟ್ಟಬೇಕಲ್ಲ?

ಒಳ್ಳೆಯ ಪ್ರಶ್ನೆ. ಡಿಗ್ರಿ ಓದುವ ಹುಡುಗನೊಬ್ಬ ಕೇಳಿದ್ದ. ಮರಗಟ್ಟುವುದಿಲ್ಲ, ಏಕೆಂದರೆ ಈ ಔಷಧಗಳು ತೂಬನ್ನು ತಾವಾಗಿ ಮುಚ್ಚುವುದಿಲ್ಲ. ಬಿರಡೆ ಕಚ್ಚಿಕೊಂಡಿರುವ ಹೊತ್ತಿನಲ್ಲಿ ಹೋಗಿ ಸೇರಿಕೊಂಡು, ಬಿರಡೆ ಬೇಗ ಬಿಡದ ಹಾಗೆ ನೋಡಿಕೊಳ್ಳುತ್ತವೆ. ಆಗೊಂದು ಈಗೊಂದು ಸಂಕೇತ ಕಳಿಸುವ ನರದಲ್ಲಿ ಬಿರಡೆ ಕಚ್ಚಿಕೊಂಡಿರುವ ತೂಬುಗಳು ಕಡಿಮೆ, ಔಷಧಕ್ಕೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಬಿಡುವಿಲ್ಲದೆ ಸಿಡಿಯುವ ನರದಲ್ಲಿ ಅಂಥ ತೂಬುಗಳೇ ಜಾಸ್ತಿ. ಹೆಚ್ಚು ಗದ್ದಲ ಮಾಡುವ ನರವೇ ಹೆಚ್ಚು ಸಿಕ್ಕಿಬೀಳುತ್ತದೆ. ಮುಲಾಜಿಲ್ಲದೆ ಹೇಳುತ್ತೇನೆ, ನಾನು ಓದಿದ ಔಷಧಶಾಸ್ತ್ರದಲ್ಲಿ ಇಷ್ಟು ಜಾಣತನದ ಏರ್ಪಾಡು ಇನ್ನೊಂದಿಲ್ಲ.

ಇದನ್ನು ಕಣ್ಣಾರೆ ನೋಡಿದ್ದು ಒಬ್ಬ ಹಿರಿಯರಲ್ಲಿ. ಎಡಗೆನ್ನೆ ನುಣ್ಣಗೆ ಬೋಳಿಸಿದ್ದು, ಬಲಗೆನ್ನೆಯಲ್ಲಿ ಎರಡು ವಾರದ ಗಡ್ಡ. ರೇಜರ್ ಸೋಕಿದರೆ ಕೆನ್ನೆಯಿಂದ ದವಡೆಗೆ ಕರೆಂಟು ಹೊಡೆಯುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವ ಹಾಗಿಲ್ಲ, ಗಾಳಿ ತಾಗಿದರೂ ಅದೇ ಕಥೆ. “ಮುದ್ದೆ ಅಗಿಯೋ ಹಂಗಿಲ್ವಲ್ಲ, ಅದೊಂದ್ನೇ ನುಂಗ್ಕಂಡು ಜೀವ ಹಿಡ್ದಿವ್ನಿ ಕಣಪ್ಪ” ಎನ್ನುತ್ತಿದ್ದರು. ಹಲ್ಲು ನೋವೆಂದುಕೊಂಡು ಎರಡು ಗಟ್ಟಿ ಹಲ್ಲು ಕೀಳಿಸಿಕೊಂಡೂ ಆಗಿತ್ತು. ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರಕ್ಕೆ, ಅದು ಮಿದುಳಿನ ಕಾಂಡ ಸೇರುವ ಕಡೆ ರಕ್ತನಾಳವೊಂದು ಒತ್ತಿದರೆ ಸಾಮಾನ್ಯವಾಗಿ ಹೀಗಾಗುತ್ತದೆ. ನರರೋಗದ ಡಾಕ್ಟರು ಕಾರ್ಬಮಜೆಪೀನ್ ಬರೆದರು. ಎಂಟು ದಿನ ಬಿಟ್ಟು ಬಂದಾಗ ಎರಡೂ ಕೆನ್ನೆ ನುಣ್ಣಗಿದ್ದವು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗೈಗಿ ಕಂಪನಿಯ ವಾಲ್ಟರ್ ಶಿಂಡ್ಲರ್ 1953ರಲ್ಲಿ ತಯಾರಿಸಿದ ಔಷಧವಿದು. ಈ ಮುಖದ ನೋವಿಗೆ ಬಳಸಿದ ವರದಿ ಬಂದದ್ದು 1962ರಲ್ಲಿ. ಆ ನೋವಿಗೆ ಮೊದಲ ಆಯ್ಕೆಯಾಗಿ ಇವತ್ತಿಗೂ ಇದೇ ನಿಂತಿದೆ.

ಮೊದಲ ತಿಂಗಳು ಚೆನ್ನಾಗಿದ್ದ ಕಾರ್ಬಮಜೆಪೀನ್ ಆಮೇಲೆ ಸಾಲದಾಯಿತು. ಮಾತ್ರೆ ಡೂಪ್ಲಿಕೇಟಾ?

ಅಲ್ಲ. ಈ ಔಷಧ ತನ್ನನ್ನು ತಾನೇ ಬೇಗ ಹೊರಹಾಕಲು ಲಿವರಿಗೆ ಕಲಿಸಿಕೊಡುತ್ತದೆ. ಮೊದಲ ದಿನಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯಲು 25ರಿಂದ 65 ಗಂಟೆ ಹಿಡಿಯುತ್ತದೆ. ಮೂರರಿಂದ ಐದು ವಾರದೊಳಗೆ ಅದೇ 12ರಿಂದ 17 ಗಂಟೆಗೆ ಬರುತ್ತದೆ. ಡಾಕ್ಟರು ಡೋಸ್ ಏರಿಸುವುದು ಇದಕ್ಕೇ.

ಫೆನಿಟೋಯಿನ್, ಅಂದರೆ ನಮ್ಮ ಜನ ಎಪ್ಟಾಯಿನ್ ಎನ್ನುವ ಮಾತ್ರೆಯ ಗುಣ ಇದಕ್ಕೆ ತದ್ವಿರುದ್ಧ. ಅದನ್ನು ಒಡೆಯುವ ಲಿವರಿನ ಕಿಣ್ವ ಒಂದು ಮಟ್ಟಕ್ಕೆ ಬಂದು ತುಂಬಿಹೋಗುತ್ತದೆ. ಆಮೇಲೆ ಡೋಸ್ ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಪ್ರಮಾಣ ದಿಢೀರನೆ ಏರಿಬಿಡುತ್ತದೆ. ಕಣ್ಣು ಓಲಾಡುವುದು, ಕುಡಿದವರ ಹಾಗೆ ತಟ್ಟಾಡುವುದು, ಮಾತು ತೊದಲುವುದು ಕಂಡರೆ ಕೂಡಲೇ ತೋರಿಸಿ. ‘ಒಂದು ಮಾತ್ರೆ ಜಾಸ್ತಿ ತಗೊಂಡ್ರೆ ಏನಾಗ್ತದೆ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇದೇ ಕಾರಣಕ್ಕೆ ಈ ಎರಡು ಔಷಧಗಳಲ್ಲಿ ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳಿ ಎಂದು ಹೇಳುತ್ತೇನೆ. ಅದು ಜನೌಷಧಿ ಕೇಂದ್ರದ್ದಾದರೂ ಸರಿ, ದುಬಾರಿಯದಾದರೂ ಸರಿ, ತಿಂಗಳಿಗೊಂದು ಬದಲಿಸಬೇಡಿ.

ಗಾಬಾಪೆಂಟಿನ್, ಪ್ರಿಗಬಾಲಿನ್ ಕೂಡ ಸೋಡಿಯಂ ತೂಬಿಗೇ ಹೋಗುತ್ತವಾ?

ಇಲ್ಲ, ಮತ್ತು ಅವುಗಳ ಹೆಸರನ್ನು ನಂಬಿದರೆ ಮೋಸ ಹೋಗುತ್ತೀರಿ. ಮಿದುಳಿನಲ್ಲಿ ಗದ್ದಲ ತಗ್ಗಿಸುವ ಒಂದು ರಾಸಾಯನಿಕವಿದೆ, ಗಾಬಾ. ಪಾರ್ಕ್-ಡೇವಿಸ್ ಕಂಪನಿಯವರು 1970ರ ದಶಕದಲ್ಲಿ ಗಾಬಾದ ಅಚ್ಚಿನಲ್ಲೇ, ಆದರೆ ರಕ್ತದಿಂದ ಮಿದುಳಿಗೆ ದಾಟಬಲ್ಲ ಹಾಗೆ ಒಂದು ಅಣು ಕಟ್ಟಿ ಗಾಬಾಪೆಂಟಿನ್ ಎಂದು ಕರೆದರು. ಫಿಟ್ಸಿಗೆ ಕೆಲಸವನ್ನೂ ಮಾಡಿತು. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ತಮಾಷೆಯೆಂದರೆ ಗಾಬಾ ಬಂದು ಅಂಟುವ ಯಾವ ಜಾಗಕ್ಕೂ ಅದು ಅಂಟುವುದೇ ಇಲ್ಲ. ನಿಜವಾಗಿ ಎಲ್ಲಿ ಅಂಟುತ್ತದೆ ಎಂದು ಗೊತ್ತಾದದ್ದು 1996ರಲ್ಲಿ, ಮಾತ್ರೆ ಮಾರಾಟಕ್ಕೆ ಬಂದ ಮೇಲೆ.

ಆ ಜಾಗದ ಹೆಸರು ಆಲ್ಫಾ-2-ಡೆಲ್ಟಾ. ಒಂದು ನರದ ತುದಿ ಇನ್ನೊಂದಕ್ಕೆ ಸುದ್ದಿ ದಾಟಿಸಬೇಕಾದರೆ ಮೊದಲು ಆ ತುದಿಯೊಳಗೆ ಕ್ಯಾಲ್ಸಿಯಂ ಬರಬೇಕು. ಕ್ಯಾಲ್ಸಿಯಂ ಬಂದರೆ ಮಾತ್ರ ರಾಸಾಯನಿಕ ತುಂಬಿದ ಸಣ್ಣ ಚೀಲಗಳು ಒಡೆದು ಸುದ್ದಿ ಆಚೆ ಹೋಗುತ್ತದೆ. ಕ್ಯಾಲ್ಸಿಯಂ ತೂಬುಗಳು ತಯಾರಾಗುವುದು ನರಕೋಶದ ಒಡಲಿನಲ್ಲಿ, ಬೇಕಾಗುವುದು ದೂರದ ತುದಿಯಲ್ಲಿ. ಅಲ್ಲಿಗೆ ಅವನ್ನು ಹೊತ್ತು ಸಾಗಿಸಿ ಕೂರಿಸುವ ಕೂಲಿಯಾಳು ಈ ಆಲ್ಫಾ-2-ಡೆಲ್ಟಾ. ನರಕ್ಕೆ ಪೆಟ್ಟಾದಾಗ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಈ ಆಳುಗಳ ಸಂಖ್ಯೆ ಏರುತ್ತದೆ, ತುದಿಯಲ್ಲಿ ತೂಬುಗಳೂ ಹೆಚ್ಚುತ್ತವೆ, ಸಣ್ಣ ಸುದ್ದಿಯೂ ದೊಡ್ಡ ಕೂಗಾಗಿ ಬೆನ್ನುಹುರಿಗೆ ಮುಟ್ಟುತ್ತದೆ. ಗಾಬಾಪೆಂಟಿನ್, ಪ್ರಿಗಬಾಲಿನ್ ಎರಡೂ ಈ ಆಳಿನ ಕೈ ಹಿಡಿದು ಸಾಗಾಣಿಕೆಯನ್ನು ನಿಧಾನ ಮಾಡುತ್ತವೆ. ಪೆಟ್ಟಾಗದ ನರದಲ್ಲಿ ಅವಕ್ಕೆ ಅಷ್ಟು ಕೆಲಸ ಸಿಗುವುದಿಲ್ಲ. ಸಾದಾ ತಲೆನೋವಿಗೋ ಮಂಡಿ ಸವೆತಕ್ಕೋ ಅವನ್ನು ನುಂಗಿ ನಿದ್ದೆ ಬಂತೇ ಹೊರತು ನೋವು ಹೋಗಲಿಲ್ಲ ಎನ್ನುವವರಿಗೆ ಕಾರಣ ಇಲ್ಲಿದೆ.

ಒಬ್ಬರಿಗೆ ದಿನಕ್ಕೆ ಮೂರು ಹೊತ್ತು ಗಾಬಾಪೆಂಟಿನ್, ಇನ್ನೊಬ್ಬರಿಗೆ ಎರಡೇ ಹೊತ್ತು ಪ್ರಿಗಬಾಲಿನ್. ಗಾಬಾಪೆಂಟಿನ್‌ನ ಮೂರು ಹೊತ್ತಿನದನ್ನೂ ಒಟ್ಟಿಗೆ ನುಂಗಬಹುದಾ?

ನುಂಗಿದರೆ ದುಡ್ಡು ದಂಡ. ಗಾಬಾಪೆಂಟಿನ್ ಕರುಳಿನಿಂದ ರಕ್ತಕ್ಕೆ ಹೋಗುವುದು ಅಮೈನೊ ಆಮ್ಲಗಳನ್ನು ಸಾಗಿಸುವ ಒಂದು ವಾಹಕದ ಬೆನ್ನೇರಿ. ಆ ವಾಹಕದಲ್ಲಿ ಸೀಟು ಇಷ್ಟೇ. ದಿನಕ್ಕೆ 900 ಮಿ.ಗ್ರಾಂ ಅನ್ನು ಮೂರು ಸಲ ಹಂಚಿ ಕೊಟ್ಟರೆ ಸುಮಾರು 60% ರಕ್ತಕ್ಕೆ ಸೇರುತ್ತದೆ. ಹಾಗೆಯೇ ಹಂಚಿ 4800 ಮಿ.ಗ್ರಾಂ ಕೊಟ್ಟರೆ ಸೇರುವುದು 27% ಮಾತ್ರ, ಉಳಿದದ್ದು ಹಾಗೇ ಹೊರಗೆ. ಪ್ರಿಗಬಾಲಿನ್‌ಗೆ ಈ ತೊಂದರೆಯಿಲ್ಲ, 90%ಕ್ಕೂ ಹೆಚ್ಚು ಸೇರುತ್ತದೆ. ಹೊಟ್ಟೆ ಉರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಸಿರಪ್ಪು ಗಾಬಾಪೆಂಟಿನ್ ಅನ್ನು ಇನ್ನಷ್ಟು ತಡೆಯುತ್ತದೆ. ಸಿರಪ್ಪು ಕುಡಿದು ಎರಡು ಗಂಟೆ ಬಿಟ್ಟು ಮಾತ್ರೆ ನುಂಗಿ.

ಎರಡನ್ನೂ ಲಿವರ್ ಮುಟ್ಟುವುದಿಲ್ಲ, ಹಾಗೆ ಹಾಗೇ ಮೂತ್ರದಲ್ಲಿ ಹೋಗುತ್ತವೆ. ಆದ್ದರಿಂದ ಕಿಡ್ನಿ ಸೊರಗಿದವರಿಗೆ ಡೋಸ್ ಇಳಿಸಲೇಬೇಕು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಪಾದ ಉರಿಯೂ ಕಿಡ್ನಿ ತೊಂದರೆಯೂ ಜೊತೆಜೊತೆಗೇ ಬರುತ್ತವೆ. ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಚೀಟಿಯ ಜೊತೆ ತೋರಿಸಿ ಎಂದು ನಾನು ಪೀಡಿಸುವುದು ಸುಮ್ಮನೆ ಅಲ್ಲ.

ಮಾತ್ರೆ ಶುರು ಮಾಡಿ ನಾಲ್ಕು ದಿನವಾಯಿತು. ಉರಿ ಹಾಗೇ ಇದೆ, ತಲೆ ಮಾತ್ರ ಗಿಂ ಅನ್ನುತ್ತಿದೆ. ಬಿಡಲಾ?

ಬಿಡಬೇಡಿ. ತೂಕಡಿಕೆ, ತಲೆಸುತ್ತು ಮೊದಲು ಬರುತ್ತವೆ, ಗುಣ ನಿಧಾನಕ್ಕೆ. ಸಾಗಾಣಿಕೆ ನಿಂತರೂ ತುದಿಯಲ್ಲಿ ಈಗಾಗಲೇ ಕೂತಿರುವ ತೂಬುಗಳು ಸವೆದುಹೋಗಲು ಸಮಯ ಬೇಕಲ್ಲ. ಮೊದಲ ವಾರ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯಿರಿ, ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದು ಆಗಲೇ. ಸ್ಕೂಟರ್ ಬೇಡ. ಕೆಲವರಿಗೆ ಪಾದ, ಕಣಕಾಲು ಊದುತ್ತದೆ, ತೂಕ ಏರುತ್ತದೆ, ಅದನ್ನು ಡಾಕ್ಟರಿಗೆ ಹೇಳಿ.

ನಿರೀಕ್ಷೆಯನ್ನೂ ಸ್ವಲ್ಪ ತಗ್ಗಿಸಿಕೊಳ್ಳಬೇಕು. ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದರೆ, ಏಳೆಂಟು ಜನರಿಗೆ ಈ ಜಾತಿಯ ಮಾತ್ರೆ ಕೊಟ್ಟಾಗ, ಉತ್ತುತ್ತ ಮಾತ್ರೆಯಿಂದ, ಅಂದರೆ ಔಷಧವೇ ಇಲ್ಲದ ಮಾತ್ರೆಯಿಂದ, ಆಗುವುದಕ್ಕಿಂತ ಹೆಚ್ಚಾಗಿ ಒಬ್ಬರಿಗೆ ನೋವು ಅರ್ಧಕ್ಕಿಳಿಯುತ್ತದೆ. ಉಳಿದವರಲ್ಲಿ ಕೆಲವರಿಗೆ ಸ್ವಲ್ಪ ಹಗುರ, ಕೆಲವರಿಗೆ ಏನೂ ಇಲ್ಲ. ಸರಿಯಾದ ಡೋಸಿನಲ್ಲಿ ಕೆಲವು ವಾರ ನೋಡಿಯೂ ಪ್ರಯೋಜನವಿಲ್ಲದಿದ್ದರೆ ಬೇರೆ ಮಾತ್ರೆ ಕೇಳಿ. ಅಭ್ಯಾಸವಾಗಿದೆ ಎಂದು ವರ್ಷಗಟ್ಟಲೆ ಎಳೆಯುವುದರಲ್ಲಿ ಅರ್ಥವಿಲ್ಲ.

ಸೊಂಟ ನೋವಿಗೂ ಇದನ್ನೇ ಬರೆಯುತ್ತಾರಲ್ಲ?

ಬರೆಯುತ್ತಾರೆ, ಜಾಸ್ತಿಯೇ ಬರೆಯುತ್ತಾರೆ. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಪ್ರಿಗಬಾಲಿನ್ ಕೊಟ್ಟು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಉತ್ತುತ್ತ ಮಾತ್ರೆಗಿಂತ ಅದು ಮೇಲಾಗಿರಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಗಾಬಾಪೆಂಟಿನ್ ಅನ್ನು ಒಪ್ಪಿಗೆಯಿಲ್ಲದ ಕಾಯಿಲೆಗಳಿಗೆಲ್ಲ ಪ್ರಚಾರ ಮಾಡಿದ್ದಕ್ಕೆ ವಾರ್ನರ್-ಲ್ಯಾಂಬರ್ಟ್ ಕಂಪನಿ 2004ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ಕಟ್ಟಿತು. ಮಾತ್ರೆ ಮಾರುವವನು ಇದನ್ನು ಹೇಳಬಾರದು ಎಂದು ನನ್ನ ತಮ್ಮ ಬೈಯುತ್ತಾನೆ.

ಮನಸ್ಸಿನ ಕಾಯಿಲೆಯ ಮಾತ್ರೆ ಕೊಟ್ಟಿದ್ದಾರೆ. ನನಗೆ ಹುಚ್ಚು ಎಂದುಕೊಂಡರಾ?

ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಬಗ್ಗೆ ಈ ಮಾತು ಬರುತ್ತದೆ. ನೋವಿನ ಸುದ್ದಿ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವುದಿಲ್ಲ. ಮಿದುಳಿನ ಕಾಂಡದಿಂದ ಕೆಳಗಿಳಿದು ಬಂದು, ಬೆನ್ನುಹುರಿಯ ಬಾಗಿಲಲ್ಲೇ ಆ ಸುದ್ದಿಯನ್ನು ‘ಸಾಕು ನಿಲ್ಲು’ ಎಂದು ತಡೆಯುವ ನರಗಳೂ ಇವೆ. ಗದ್ದೆಯಲ್ಲಿ ಕೆಲಸದ ಭರದಲ್ಲಿ ಕುಡುಗೋಲು ತಾಗಿ ರಕ್ತ ಬಂದದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತದಲ್ಲ, ಆ ಹೊತ್ತು ಕೆಲಸ ಮಾಡಿದ್ದು ಇವೇ. ಅವು ಬಳಸುವ ನಾರಡ್ರೆನಲಿನ್, ಸೆರೊಟೋನಿನ್ ಬೇಗ ಇಂಗಿಹೋಗದಂತೆ ಈ ಮಾತ್ರೆಗಳು ನೋಡಿಕೊಳ್ಳುತ್ತವೆ. ನೋವಿಗೆ ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂನಿಂದ ಶುರುವಾಗುತ್ತದೆ. ಖಿನ್ನತೆಗೆ ಕೊಡುವ ಡೋಸ್ ಅದರ ಎಷ್ಟೋ ಪಟ್ಟು. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಪ್ರೊಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವ ಗಂಡಸರು, ಗ್ಲಾಕೋಮಾ ಇರುವವರು, ಹೃದಯದ ತೊಂದರೆ ಇರುವವರು ಮೊದಲೇ ಹೇಳಬೇಕು.

ತಲೆಗೆ ಸ್ನಾನ ಮಾಡುವ ಮುಂಚೆ ಮಾತ್ರ ಫ್ರಿಸಿಯಂ ತೆಗೆದುಕೊಳ್ಳಿ ಅಂದಿದ್ದಾರೆ. ಇದೆಂಥ ಲೆಕ್ಕ?

ಇದು ನಮ್ಮ ಸೀಮೆಯದೇ ಕಾಯಿಲೆ ಎನ್ನಬಹುದು. ಬಿಸಿನೀರಿನ ಅಪಸ್ಮಾರ ಪ್ರಪಂಚದ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಲ್ಲ. ಬೆಂಗಳೂರಿನ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಇದನ್ನು ವಿವರವಾಗಿ ಅಧ್ಯಯನ ಮಾಡಿದವರು. ಹಂಡೆಯಲ್ಲಿ ಕಾಯಿಸಿದ 40–50 ಡಿಗ್ರಿಯ ನೀರನ್ನು ಚೊಂಬು ಚೊಂಬಾಗಿ, ಒಂದರ ಹಿಂದೊಂದು ನೆತ್ತಿಯ ಮೇಲೆ ಸುರಿದುಕೊಳ್ಳುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ನೇರ ಸಂಬಂಧ. ಹಲವರಲ್ಲಿ ಹುಟ್ಟಿನಿಂದ ಬಂದ ಒಲವೂ ಇರುತ್ತದೆ, ಕೆಲವರ ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ. ನೀರು ಸುರಿಯುತ್ತ ಸುರಿಯುತ್ತ ನೋಟ ಒಂದು ಕಡೆ ನಿಲ್ಲುತ್ತದೆ, ಸಂಬಂಧವಿಲ್ಲದ ಮಾತು ಬರುತ್ತದೆ. ಕೆಲವರು ಹಿತವೆನಿಸಿ ಇನ್ನೂ ಬೇಗ ಬೇಗ ಸುರಿದುಕೊಳ್ಳುತ್ತಾರೆ. ಮನೆಯವರು ‘ದೇವರು ಬಂತು’ ಎಂದುಕೊಳ್ಳುವುದೂ ಉಂಟು.

ಉಗುರುಬೆಚ್ಚಗಿನ ನೀರು, ಅದನ್ನೂ ಒಮ್ಮೆಲೇ ತಲೆಗೆ ಸುರಿಯದಿರುವುದು, ಬಚ್ಚಲಿನ ಬಾಗಿಲಿಗೆ ಒಳಚಿಲಕ ಹಾಕದಿರುವುದು. ಅನೇಕರಿಗೆ ಇಷ್ಟೇ ಸಾಕು. ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್, ಅದೇ ನೀವು ಹೇಳುವ ಫ್ರಿಸಿಯಂ. ಗಾಬಾದ ಕಥೆ ನಿಜವಾಗಿ ಇಲ್ಲಿದೆ. ಗಾಬಾ ಬಂದು ತಟ್ಟಿದಾಗ ಕ್ಲೋರೈಡ್ ತೂಬು ತೆರೆದು ನರಕೋಶ ಇನ್ನಷ್ಟು ಋಣವಾಗುತ್ತದೆ, ಸಿಡಿಯುವುದು ಕಷ್ಟವಾಗುತ್ತದೆ. ಕ್ಲೋಬಜಾಮ್, ಕ್ಲೋನಜೆಪಾಮ್, ಮಿಡಜೋಲಾಮ್ ಇರುವಾಗ ಗಾಬಾ ತಟ್ಟಿದಾಗಲೆಲ್ಲ ಆ ತೂಬು ಹೆಚ್ಚು ಸಲ ತೆರೆಯುತ್ತದೆ. ಹಳೆಯ ಗಾರ್ಡಿನಾಲ್, ಅಂದರೆ ಫಿನೊಬಾರ್ಬಿಟಾಲ್, ಒಮ್ಮೆ ತೆರೆದ ತೂಬನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಡೋಸ್ ಮಿತಿಮೀರಿದರೆ ಗಾಬಾದ ಹಂಗಿಲ್ಲದೆ ತಾನೇ ತೆರೆದುಬಿಡುತ್ತದೆ. ಜಾಸ್ತಿ ನುಂಗಿದರೆ ಉಸಿರೇ ನಿಲ್ಲಬಹುದಾದ ಅಪಾಯ ಅದಕ್ಕೆ ಹೆಚ್ಚು. ಆದರೂ ಅದನ್ನು ಹಳೆಯದೆಂದು ಹೀಗಳೆಯಬೇಡಿ. ಯಳಂದೂರು ತಾಲ್ಲೂಕಿನಲ್ಲಿ ಡಾ. ಮಣಿ ಮತ್ತು ಸಂಗಡಿಗರು ಹಳ್ಳಿ ಹಳ್ಳಿ ತಿರುಗಿ ನಡೆಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗಾರ್ಡಿನಾಲ್, ಫೆನಿಟೋಯಿನ್ ಎಂಬ ಎರಡು ಅಗ್ಗದ ಮಾತ್ರೆ ಇಟ್ಟುಕೊಂಡೇ ಹಳ್ಳಿಯಲ್ಲಿ ಫಿಟ್ಸನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದಲ್ಲ?

ಬಹುಪಾಲು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ನಿಂತಿರುತ್ತದೆ, ಹೆಸರು ಕಬ್ಬಿಣಕ್ಕೆ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟವೆಲ್ ಇಡಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಡಾಕ್ಟರು ಮೊದಲೇ ಬರೆದುಕೊಟ್ಟ ಮಿಡಜೋಲಾಮ್ ಮೂಗಿನ ಸ್ಪ್ರೇ ಹಾಕಿ, ಆಸ್ಪತ್ರೆಗೆ ಹೊರಡಿ.

ಲೆವೆಟಿರಾಸಿಟಾಮ್ ಶುರುವಾದ ಮೇಲೆ ಮಗ ಸಿಡುಕನಾಗಿದ್ದಾನೆ.

ಇದು ತೂಬುಗಳ ತಂಟೆಗೆ ಹೆಚ್ಚು ಹೋಗದ ಫಿಟ್ಸ್ ಔಷಧ. ರಾಸಾಯನಿಕ ತುಂಬಿದ ಚೀಲಗಳ ಮೇಲಿನ ಎಸ್‌ವಿ2ಎ ಎಂಬ ಪ್ರೋಟೀನಿಗೆ ಅಂಟಿ, ಚೀಲ ಒಡೆಯುವ ಅಬ್ಬರವನ್ನು ತಗ್ಗಿಸುತ್ತದೆ. ಇದು ಗೊತ್ತಾದದ್ದು 2004ರಲ್ಲಿ. ಲಿವರಿನ ಗೋಜಿಲ್ಲ, ಬೇರೆ ಮಾತ್ರೆಗಳೊಂದಿಗೆ ಜಗಳ ಕಡಿಮೆ, ಹಾಗಾಗಿ ಈಗ ಎಲ್ಲರೂ ಇದನ್ನೇ ಬರೆಯುತ್ತಾರೆ. ಸಿಡುಕು, ಸಿಟ್ಟು, ಅಳು ಇದರ ನಿಜವಾದ ಅಡ್ಡಪರಿಣಾಮವೇ. ಹುಡುಗನಿಗೆ ಬೈಯಬೇಡಿ, ಡಾಕ್ಟರಿಗೆ ಹೇಳಿ.

ಎರಡು ವರ್ಷದಿಂದ ಫಿಟ್ಸ್ ಬಂದಿಲ್ಲ. ಮಾತ್ರೆ ನಿಲ್ಲಿಸಿದರೇನು?

ನಿಲ್ಲಿಸುವ ಮಾತನ್ನು ಡಾಕ್ಟರ ಜೊತೆ ಆಡಬಹುದು, ನೀವೇ ನಿಲ್ಲಿಸುವ ಹಾಗಿಲ್ಲ. ಈ ಮಾತ್ರೆಗಳು ಕಾಯಿಲೆಯ ಬೇರು ಕೀಳುವುದಿಲ್ಲ, ಗದ್ದಲವನ್ನು ಅದುಮಿ ಹಿಡಿದಿರುತ್ತವೆ. ಅದುಮಿದ ಕೈ ಒಮ್ಮೆಲೇ ತೆಗೆದರೆ ಮೊದಲಿಗಿಂತ ಜೋರಾಗಿ ಬರಬಹುದು, ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಕ್ಲೋಬಜಾಮ್, ಗಾರ್ಡಿನಾಲ್ ದಿನವೂ ನುಂಗುವವರಲ್ಲಿ ಇದು ಇನ್ನೂ ಹೆಚ್ಚು. ನೋವಿಗೆ ಪ್ರಿಗಬಾಲಿನ್ ತಿನ್ನುವವರೂ ಒಂದು ವಾರವಾದರೂ ತೆಗೆದುಕೊಂಡು ಹಂತಹಂತವಾಗಿ ಇಳಿಸಬೇಕು, ಇಲ್ಲವಾದರೆ ನಿದ್ದೆ ಕೆಡುತ್ತದೆ, ಬೆವರುತ್ತದೆ, ಕಳವಳ ಹತ್ತುತ್ತದೆ.

ನಮ್ಮಲ್ಲಿ ಮಾತ್ರೆ ತಪ್ಪುವುದು ಜಾತ್ರೆ, ಮದುವೆ, ಉಪವಾಸದ ದಿನ. ಆಮೇಲೆ ನಿದ್ದೆಗೆಟ್ಟ ರಾತ್ರಿ. ಮಾರನೆಯ ಬೆಳಿಗ್ಗೆ ಫಿಟ್ಸ್. ಜೇಬಿನಲ್ಲಿ ಎರಡು ದಿನದ ಮಾತ್ರೆ ಇಟ್ಟುಕೊಂಡೇ ಊರು ಬಿಡಿ.

ಮೈಮೇಲೆ ಗುಳ್ಳೆ ಬಂದಿದೆ. ಸೆಕೆಗೆ ಇರಬಹುದಾ?

ಕಾರ್ಬಮಜೆಪೀನ್, ಲ್ಯಾಮೊಟ್ರಿಜಿನ್, ಫೆನಿಟೋಯಿನ್, ಫಿನೊಬಾರ್ಬಿಟಾಲ್ ಶುರುಮಾಡಿ ಎರಡು ತಿಂಗಳೊಳಗೆ ಮೈಮೇಲೆ ಕೆಂಪು ಕಂಡರೆ ಸೆಕೆ ಎಂದು ಕೂರಬೇಡಿ, ಅದೇ ದಿನ ತೋರಿಸಿ. ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು ಜೊತೆಗಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆ. ಚರ್ಮ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಎಂಬುದು ಹೀಗೆ ಶುರುವಾಗುತ್ತದೆ. ಎಚ್‌ಎಲ್‌ಎ-ಬಿ*1502 ಎಂಬ ಜೀನ್ ಇರುವವರಿಗೆ ಕಾರ್ಬಮಜೆಪೀನ್‌ನಿಂದ ಈ ಅಪಾಯ ಬಹಳ ಹೆಚ್ಚು. ಲ್ಯಾಮೊಟ್ರಿಜಿನ್ ಅನ್ನು ಆಮೆವೇಗದಲ್ಲಿ ಏರಿಸುವುದೂ ಇದೇ ಭಯಕ್ಕೆ. ವಾಲ್ಪ್ರೋಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ಜೊತೆಗಿದ್ದರೆ ಲ್ಯಾಮೊಟ್ರಿಜಿನ್ ಪ್ರಮಾಣ ರಕ್ತದಲ್ಲಿ ದುಪ್ಪಟ್ಟಾಗುತ್ತದೆ, ಇನ್ನೂ ನಿಧಾನ ಬೇಕು.

ಜೊತೆಗೆ ಏನು ಸೇರಬಾರದು?

ಸಾರಾಯಿ, ನಿದ್ದೆ ಮಾತ್ರೆ, ಟ್ರಮಡಾಲ್. ಪ್ರಿಗಬಾಲಿನ್ ಜೊತೆ ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಸೇರಿದರೆ ಉಸಿರಾಟ ಮಂದವಾಗಬಹುದು, ದಮ್ಮು ಇರುವ ಮುದುಕರಲ್ಲಿ ಇನ್ನೂ ಹೆಚ್ಚು. ಟ್ರಮಡಾಲ್ ಬೇರೆ ಫಿಟ್ಸನ್ನೂ ಕೆರಳಿಸುತ್ತದೆ. ಟಿ.ಬಿ. ಮಾತ್ರೆ ಶುರುವಾದರೆ ಫಿಟ್ಸ್ ಡಾಕ್ಟರಿಗೆ ತಿಳಿಸಿ. ಅದರಲ್ಲಿರುವ ಐಸೋನಿಯಾಜಿಡ್ ಫೆನಿಟೋಯಿನ್ ಮಟ್ಟವನ್ನು ಏರಿಸುತ್ತದೆ, ರಿಫಾಂಪಿಸಿನ್ ಇಳಿಸುತ್ತದೆ. ಕಾರ್ಬಮಜೆಪೀನ್, ಫೆನಿಟೋಯಿನ್ ತಿನ್ನುವ ಹೆಣ್ಣುಮಕ್ಕಳಲ್ಲಿ ಗರ್ಭನಿರೋಧಕ ಗುಳಿಗೆ ಕೆಲಸ ಮಾಡದೆ ಹೋಗಬಹುದು.

ಮಗಳಿಗೆ ಮದುವೆ ಗೊತ್ತಾಗಿದೆ, ವಾಲ್ಪ್ರೋಯೇಟ್ ತಿನ್ನುತ್ತಿದ್ದಾಳೆ.

ಮದುವೆಗೆ ಮುಂಚೆಯೇ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಸಿರಿನಲ್ಲಿ ವಾಲ್ಪ್ರೋಯೇಟ್ ತಿಂದರೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗವೈಕಲ್ಯ, ಮೂರರಿಂದ ನಾಲ್ಕಕ್ಕೆ ಬೆಳವಣಿಗೆ, ಕಲಿಕೆಯ ತೊಂದರೆ. ಬದಲಿ ಔಷಧಕ್ಕೆ ಹೋಗಲು ತಿಂಗಳುಗಳು ಬೇಕು. ಆದರೆ ಬಸಿರು ಗೊತ್ತಾದ ದಿನ ಹೆದರಿ ತಾನಾಗಿ ನಿಲ್ಲಿಸಿದರೆ ತಾಯಿ ಮಗು ಇಬ್ಬರಿಗೂ ಅಪಾಯ. ಫೋಲಿಕ್ ಆಸಿಡ್ ಮುಂಚಿನಿಂದಲೇ ಶುರುವಾಗಬೇಕು.

ಈ ಮಾತ್ರೆ ನರಕ್ಕೆ ಶಕ್ತಿ ಕೊಡುತ್ತದಾ?

ಇಲ್ಲ. ಸವೆದ ನರವನ್ನು ಇವು ಕಟ್ಟುವುದಿಲ್ಲ. ಪಾದದ ಉರಿ ಇಳಿಯಿತೆಂದು ಸಕ್ಕರೆ ಬಿಗಿ ತಪ್ಪಿಸಿದರೆ ಒಳಗೆ ನರ ಸವೆಯುತ್ತಲೇ ಹೋಗುತ್ತದೆ, ಆಮೇಲೆ ಉರಿಯೂ ಇಲ್ಲ, ಸ್ಪರ್ಶವೂ ಇಲ್ಲ. ಪ್ರಿಗಬಾಲಿನ್ ಜೊತೆ ಮೀಥೈಲ್‌ಕೋಬಾಲಮಿನ್ ಸೇರಿಸಿದ ಕ್ಯಾಪ್ಸೂಲು ನಮ್ಮಲ್ಲಿ ಧಾರಾಳ. ಅದು ಬಿ12, ದೇಹದಲ್ಲಿ ಬಿ12 ಕಡಿಮೆ ಇದ್ದವರಿಗೆ ನಿಜವಾಗಿ ಬೇಕಾದದ್ದು. ಮೆಟ್ಫಾರ್ಮಿನ್ ಹಲವು ವರ್ಷ ತಿಂದವರಲ್ಲಿ, ಮಾಂಸ ತಿನ್ನದವರಲ್ಲಿ ಆ ಕೊರತೆಯೇ ಪಾದ ಜುಮ್ಮೆನ್ನಿಸಿರಬಹುದು. ಒಮ್ಮೆ ರಕ್ತಪರೀಕ್ಷೆ ಮಾಡಿಸಿ ನೋಡಿ.

ತೂಕಡಿಸದ ನರದ ಮಾತ್ರೆ ಯಾವಾಗ ಬರುತ್ತದೆ?

ಸೋಡಿಯಂ ತೂಬುಗಳಲ್ಲಿ ಒಂಬತ್ತು ಬಗೆ. ಉತ್ತರ ಪಾಕಿಸ್ತಾನದಲ್ಲಿ ಕತ್ತಿಯಿಂದ ತೋಳು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಬೀದಿಯಲ್ಲಿ ಆಟ ತೋರಿಸುತ್ತಿದ್ದ ಹುಡುಗನೊಬ್ಬನಿದ್ದ. ಅವನಿಗೆ ನೋವೆಂದರೇನೆಂದೇ ಗೊತ್ತಿರಲಿಲ್ಲ. ಪರೀಕ್ಷಿಸಬೇಕೆನ್ನುವಷ್ಟರಲ್ಲಿ ಮಾಳಿಗೆಯಿಂದ ಹಾರಿ ಸತ್ತ. ಅವನ ಬಂಧುಗಳ ಜೀನ್ ಓದಿದವರು 2006ರಲ್ಲಿ ಹೇಳಿದ್ದು, ಅವರಲ್ಲಿ 1.7 ಎಂಬ ಒಂದು ಬಗೆಯ ಸೋಡಿಯಂ ತೂಬು ಕೆಲಸ ಮಾಡುತ್ತಿಲ್ಲ ಎಂದು. ಅಂದಿನಿಂದ ಮಿದುಳನ್ನು ಬಿಟ್ಟು ನೋವಿನ ನರದ ತೂಬನ್ನಷ್ಟೇ ಮುಚ್ಚುವ ಮಾತ್ರೆಗೆ ಹುಡುಕಾಟ ಬಿರುಸಾಯಿತು. 1.7ಕ್ಕೆ ಇನ್ನೂ ಸಿಕ್ಕಿಲ್ಲ. ಅದರ ನೆರೆಯ 1.8ನ್ನು ತಡೆಯುವ ಸುಜೆಟ್ರಿಜಿನ್‌ಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಪರೇಶನ್ ನಂತರದಂಥ ತಾತ್ಕಾಲಿಕ ನೋವಿಗೆ, ಪಾದ ಉರಿಗೆ ಅಲ್ಲ.

ಮೆಣಸಿನಕಾಯಿ ಮುಲಾಮು ಹಚ್ಚಿದರೆ ಉರಿ ಹೋಗುತ್ತದೆ ಅನ್ನುವುದು ನಿಜವಾ?

ಒಂದು ಮಟ್ಟಿಗೆ ನಿಜ. ಖಾರದ ಕ್ಯಾಪ್ಸೈಸಿನ್ ಅಂಟುವುದು ನೋವಿನ ನರದ ತುದಿಯಲ್ಲಿ, ಶಾಖ ತಿಳಿಯುವ ತೂಬಿಗೆ. ಅದನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪಾಲು ಬಂತು. ತಟ್ಟಿ ತಟ್ಟಿ ದಣಿದ ತುದಿ ಕೊನೆಗೆ ಹಿಂದೆ ಸರಿಯುತ್ತದೆ, ಕೆಲವು ಕಾಲ ಸುದ್ದಿ ಕಳಿಸುವುದಿಲ್ಲ. ಸರ್ಪಸುತ್ತಿನ ನಂತರದ ನೋವಿಗೆ ಹೊರದೇಶಗಳಲ್ಲಿ 8% ಪಟ್ಟಿಯನ್ನು ಆಸ್ಪತ್ರೆಯಲ್ಲೇ ಒಂದು ಗಂಟೆ ಅಂಟಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಸಣ್ಣ ಪ್ರಮಾಣದ ಮುಲಾಮನ್ನು ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು, ಮೊದಲ ದಿನಗಳಲ್ಲಿ ಉರಿ ಜಾಸ್ತಿಯೇ ಆಗುತ್ತದೆ. ಮನೆಯ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ಬೇಡ. ಬ್ಯಾಡಗಿಯಲ್ಲಿ ಬಣ್ಣವೇ ಹೆಚ್ಚು, ಗುಂಟೂರಿನದು ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಒಂದು ಸಣ್ಣ ಬಿರುಕಿದ್ದರೂ ಮುಲಾಮು ಮುಟ್ಟಬಾರದು. ಹಚ್ಚಿದ ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದ ಮೇಲೆ ಕಣ್ಣುಜ್ಜಿಕೊಳ್ಳಿ.